ಅಪ್ಪನ ಅಂಗಡಿ ಖಾಲಿ ಮಾಡಿದ್ದು

ವಾಚ್ ರಿಪೇರಿ ಮಾಡುವವರು ತೀರಿಕೊಂಡರೆ ಮನೆಯವರು ಮೊದಲು ಮಾಡಬೇಕಾದ್ದು, ಅಂಗಡಿಯ ಬೀಗದ ಕೈ ನೆಂಟರ ಕೈಗೆ ಸಿಗದಂತೆ ನೋಡಿಕೊಳ್ಳುವುದು. ಹನ್ನೊಂದನೇ ದಿನದ ಊಟ ಮುಗಿಯುವ ಮೊದಲೇ ನಮ್ಮ ಚಿಕ್ಕಪ್ಪ, "ಹಳೇ ಎಚ್‌ಎಂಟಿಗೆ ಈಗ ಒಳ್ಳೇ ರೇಟಿದೆ, ಒಟ್ಟಿಗೆ ಕೊಟ್ಟುಬಿಡೋಣ" ಅಂದರು. ಅವು ಗಿರಾಕಿಗಳ ವಾಚು ಅಂದೆ. "ಇಷ್ಟು ದಿನ ಬಾರದವರು ಇನ್ನು ಬರ್ತಾರಾ?" ಅಂತ ನಕ್ಕರು.

ಬಂದರು.

ಯಶವಂತಪುರ ಮಾರ್ಕೆಟ್ ಹತ್ತಿರ, ಒಬ್ಬರು ಕೂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕಾದಷ್ಟು ಅಂಗಡಿ. ಪಕ್ಕದ ಜಾಲಹಳ್ಳಿಯಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಎಚ್‌ಎಂಟಿ ವಾಚು ಮಾಡತೊಡಗಿದ ಮೇಲೆ ನಮ್ಮ ಕಡೆ ಮದುವೆ ಗಂಡಿಗೆ ಅದೇ ಉಡುಗೊರೆ. ಕೀ ಕೊಡುವ ಜನತಾ ವಾಚುಗಳೇ ನಮಗೆ ಅನ್ನ ಹಾಕಿದ್ದು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿದ ಸುದ್ದಿ ಬಂದ ರಾತ್ರಿ ಅಪ್ಪ ಊಟ ಬಿಟ್ಟಿದ್ದರು.

ಅವರ ಬಲಗಣ್ಣಿನ ಸುತ್ತ ಐ ಗ್ಲಾಸಿನ ಗುರುತು ರಾತ್ರಿವರೆಗೂ ಉಳಿದಿರುತ್ತಿತ್ತು. ಅದೇ ಗ್ಲಾಸು ಹಾಕಿಕೊಂಡು ಅಮ್ಮನ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದರು. ಬೀದಿ ಮಕ್ಕಳಿಗೆ ಕಾಲಿಗೆ ಮುಳ್ಳು ಚುಚ್ಚಿದರೆ ನೇರ ಅಂಗಡಿಗೇ ಬರುತ್ತಿದ್ದವು. ವಾಚಿನ ಚಿಮಟದಲ್ಲಿ ತೆಗೆದು, ಕಾಲನ್ನು ಅಂಗಿ ತುದಿಯಲ್ಲಿ ಒರೆಸಿ ಕಳಿಸುತ್ತಿದ್ದರು.

ಶಟರ್ ಎತ್ತಿದ ವಾರವೇ ಯಲಹಂಕದಿಂದ ಒಬ್ಬ ಯಜಮಾನರು ಬಂದರು, ರೈಲು ಗಾಲಿ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಚೀಟಿಯಲ್ಲಿ ಒಂದು ನಂಬರು, ಕೆಳಗೆ 'ಹೇರ್ ಸ್ಪ್ರಿಂಗ್', ಅಷ್ಟೇ. ವಾಚು ಮೇಜಿನ ಮೇಲೆಯೇ ಇತ್ತು, ಬೋರಲು ಹಾಕಿದ ಗಾಜಿನ ಲೋಟದಡಿ, ಬಿಡಿಬಿಡಿಯಾಗಿ. ಅಪ್ಪ ಸಂಜೆ ಬಿಚ್ಚಿಟ್ಟು ಬಂದಿದ್ದರು, ಬೆಳಗಿನ ಜಾವ ಎದೆನೋವು. ಪೆಟ್ರೋಲು ಆರಿದ ಬಟ್ಟಲಲ್ಲಿ ಚಕ್ರಗಳು, ಸಾಸಿವೆಗಿಂತ ಸಣ್ಣ ಸ್ಕ್ರೂಗಳು. ನಾನು ಲೋಟ ಎತ್ತಿದೆ. "ಫ್ಯಾನ್ ಆರಿಸಮ್ಮಾ!" ಅಂತ ಯಜಮಾನರು ಕೂಗಿದರು. ಸ್ವಿಚ್ ಹುಡುಕುವಷ್ಟರಲ್ಲಿ ಒಂದು ಸ್ಕ್ರೂ ಕೆಳಗೆ ಬಿತ್ತು. ಆ ವಯಸ್ಸಿನಲ್ಲಿ ಅವರು ಮಂಡಿಯೂರಿ, ನಾನು ಅಪ್ಪನ ಅಯಸ್ಕಾಂತ ಹಿಡಿದು, ನೆಲ ತಡಕಾಡಿದೆವು. ಹೂವಿನ ಅಂಗಡಿಯವಳು ಮೊಬೈಲ್ ಟಾರ್ಚ್ ಹಿಡಿದಳು. ಸಿಗಲಿಲ್ಲ. "ನಮ್ಮ ಮಾವ ಕೊಟ್ಟಿದ್ದಮ್ಮಾ ಇದು" ಅಂದರು. ಬೈದಿದ್ದರೆ ವಾಸಿಯಿತ್ತು.

ಮುಚ್ಚಳ ಮಗುಚಿ ನೋಡಿದಾಗ ಒಳಗೆ ಸೂಜಿಮೊನೆಯಲ್ಲಿ ಗೀಚಿದ ಅಂಕಿಗಳು: 1989, 1996, 2007. ಪ್ರತಿ ಸರ್ವಿಸ್‌ಗೂ ಅಪ್ಪ ಬರೆದದ್ದು, ಪಕ್ಕದಲ್ಲಿ ಪುಸ್ತಕದ ಪುಟಸಂಖ್ಯೆ. ಮೂಲೆಯ ಹಳೇ ಲೆಕ್ಕದ ಪುಸ್ತಕ ತೆಗೆದರೆ ಹೆಸರು, ಬೀದಿ, ಎಲ್ಲ ಸಿಕ್ಕವು. ಮತ್ತಿಕೆರೆಯಲ್ಲಿ ಅಪ್ಪನ ಹತ್ತಿರ ಕೆಲಸ ಕಲಿತ ಹುಡುಗನೊಬ್ಬ ಇದ್ದಾನೆ. ಬೇರೆ ವಾಚಿನ ಸ್ಕ್ರೂ ಹಾಕಿ ಜೋಡಿಸಿಕೊಟ್ಟ, ದುಡ್ಡು ಮುಟ್ಟಲಿಲ್ಲ. ಉಳಿದವನ್ನೂ ಹೀಗೇ ಮುಚ್ಚಳ ಬಿಚ್ಚಿ ಮನೆಮನೆಗೆ ಮುಟ್ಟಿಸಿದೆವು.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ, ನೆನೆದರೆ ಸಿಟ್ಟು ಬರುತ್ತದೆ. ಸಾವನ್ನು 21 ದಿನದೊಳಗೆ ನೋಂದಾಯಿಸಿ, ಶುಲ್ಕವಿಲ್ಲ. ಮರಣ ಪತ್ರದ ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ ಅಂತ ಕೌಂಟರಿನಲ್ಲೇ ನಿಂತು ಓದಿ. ಇನಿಷಿಯಲ್ ಹಿಂದೆಮುಂದಾಗಿದ್ದಕ್ಕೆ ಒಬ್ಬ ಗುಮಾಸ್ತರು ಅಮ್ಮನನ್ನು ಬಿಸಿಲಲ್ಲಿ ನಿಲ್ಲಿಸಿ, ತಾವು ಟೀಗೆ ಹೋದರು. ನಾಮಿನಿ ಇದ್ದರೆ ಬ್ಯಾಂಕಿನ ಹಣ ಬೇಗ ಸಿಗುತ್ತದೆ, ಆದರೆ ನಾಮಿನಿಯಾದ ಮಾತ್ರಕ್ಕೆ ವಾರಸುದಾರರಾಗುವುದಿಲ್ಲ. ಅದಕ್ಕೆ ನಾಡಕಚೇರಿಯಿಂದ ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣ ಕೇಳುತ್ತಾರೆ. ಅಂಗಡಿ ಅಡ್ವಾನ್ಸಿನ ಕರಾರುಪತ್ರ ಎಲ್ಲಿದೆ ಅಂತ ಅವರಿರುವಾಗಲೇ ಕೇಳಿಟ್ಟುಕೊಳ್ಳಿ.

ಚಿಕ್ಕಪ್ಪ ಆಮೇಲೆ ಅಪ್ಪನ ಟೂಲ್ಸ್ ಪೆಟ್ಟಿಗೆಯನ್ನಾದರೂ ಕೊಡು ಅಂದರು. ಮತ್ತಿಕೆರೆ ಹುಡುಗನಿಗೆ ಕೊಟ್ಟಾಗಿತ್ತು. ಯುಗಾದಿಗೆ ಚಿಕ್ಕಪ್ಪ ಮನೆಗೆ ಬರಲಿಲ್ಲ. ಅಮ್ಮನಿಗೆ ಬೇಜಾರು, ನನಗೇನೂ ಇಲ್ಲ.