ರಜೆಗೆ ವಿಡಿಯೊ ಗೇಮ್: ಯಾವ ವಯಸ್ಸಿಗೆ ಯಾವುದು?

ದಸರಾ ರಜೆ, ದೀಪಾವಳಿ, ಹುಟ್ಟುಹಬ್ಬ, ಪರೀಕ್ಷೆ ಮುಗಿದ ಮೇಲಿನ ಬೇಸಿಗೆ ರಜೆ – ಇವೆಲ್ಲ ಮಕ್ಕಳು ಉಡುಗೊರೆ ಕೇಳುವ ಕಾಲ. ಹಿಂದೆ ಸೈಕಲ್ಲು, ಕ್ರಿಕೆಟ್ ಬ್ಯಾಟು, ಕೇರಂ ಬೋರ್ಡು ಕೇಳುತ್ತಿದ್ದ ಮಕ್ಕಳು ಈಗ ವಿಡಿಯೊ ಗೇಮ್ ಕೇಳುತ್ತಾರೆ. ತಂದೆ ತಾಯಿ ಬೇಡವೆಂದರೂ ಅಜ್ಜ ಪಿಂಚಣಿ ಹಣದಲ್ಲಿ ಕೊಡಿಸಲು ಸಿದ್ಧ. ಅಮೆರಿಕದಿಂದ ಬರುವ ಸೋದರಮಾವ ಸೂಟ್‌ಕೇಸಿನಲ್ಲಿ ಇಟ್ಟುಕೊಂಡೇ ಬರುತ್ತಾನೆ. ‘ಇದರಿಂದ ಕಣ್ಣು ಹಾಳಾಗುವುದಿಲ್ಲವೇ? ಓದು ಕೆಡುವುದಿಲ್ಲವೇ? ಎಲ್ಲರ ಮನೆಯಲ್ಲೂ ಇರುವಾಗ ನಾವು ಮಾತ್ರ ಬೇಡವೆನ್ನುವುದು ಹೇಗೆ?’ – ಇದು ಅನೇಕ ಪಾಲಕರ ಚಿಂತೆ.

ಬಟ್ಟೆ ಕೊಡಿಸಿದರೆ ಅಲ್ಲಿಗೆ ಮುಗಿಯಿತು. ವಿಡಿಯೊ ಗೇಮ್ ಹಾಗಲ್ಲ. ಕೊಡಿಸಿದ ಮರುದಿನದಿಂದ ಅದು ಮಗುವಿನ ನಿದ್ರೆ, ಊಟ, ಆಟ, ಓದು ಎಲ್ಲದರಲ್ಲೂ ಪಾಲು ಕೇಳುತ್ತದೆ. ಆದ್ದರಿಂದ ಇದು ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ ಯಾವ ವಯಸ್ಸಿನ ಮಗುವಿಗೆ, ಯಾವ ಆಟ, ಎಷ್ಟು ಹೊತ್ತು ಎಂದು ಕೇಳಿಕೊಳ್ಳುವುದು ಲೇಸು.

ಅಂದಿನ ಆಟ, ಇಂದಿನ ಆಟ

ಇಂದಿನ ತಂದೆ ತಾಯಿಯರಲ್ಲಿ ಹಲವರು 1990ರ ದಶಕದಲ್ಲಿ ಟಿ.ವಿ.ಗೆ ವೈರು ಸಿಕ್ಕಿಸಿ, ಕ್ಯಾಸೆಟ್ ಹಾಕಿ ಮಾರಿಯೊ, ಕಾಂಟ್ರಾ ಆಡಿದವರೇ. ‘ನಾವೂ ಆಡಿದ್ದೆವು, ನಮಗೇನಾಯಿತು?’ ಎಂದು ಅವರು ಕೇಳುವುದು ಸಹಜ. ಆದರೆ ಆ ಆಟಕ್ಕೆ ಕೊನೆಯಿತ್ತು. ರಾಜಕುಮಾರಿಯನ್ನು ಬಿಡಿಸಿದರೆ ಆಟ ಮುಗಿಯಿತು. ಜೊತೆಗೆ ಆಡುವವರು ಪಕ್ಕದ ಮನೆಯ ಹುಡುಗರು. ಇಂದಿನ ಅನೇಕ ಆಟಗಳು ಅಂತರ್ಜಾಲದ ಮೂಲಕ ನಡೆಯುತ್ತವೆ. ಅವಕ್ಕೆ ಕೊನೆಯೆಂಬುದಿಲ್ಲ. ಆಡುವವರು ಅಪರಿಚಿತರಾಗಿರಬಹುದು. ಆಟದ ನಡುವೆ ಹಣ ಕೇಳುವ ಆಮಿಷಗಳೂ ಇರುತ್ತವೆ.

ಯಾವ ವಯಸ್ಸಿಗೆ ಎಷ್ಟು ಹೊತ್ತು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಎರಡು ವರ್ಷ ತುಂಬುವ ತನಕ ಪರದೆಯ ಮುಂದೆ ಕೂರಿಸುವುದೇ ಬೇಡ, 2ರಿಂದ 4 ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಕೂಡದು, ಇನ್ನೂ ಕಡಿಮೆಯಾದರೆ ಒಳ್ಳೆಯದು ಎಂಬುದು ಅದರ ಸಲಹೆ. ಭಾರತದ ಮಕ್ಕಳ ತಜ್ಞರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಇದನ್ನೇ ಹೇಳಿ, 5ರಿಂದ 10 ವರ್ಷದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ಎಂಬ ಮಿತಿ ಹಾಕಿದೆ. ಇದು ಟಿ.ವಿ., ಮೊಬೈಲ್, ವಿಡಿಯೊ ಗೇಮ್ ಎಲ್ಲ ಸೇರಿದ ಲೆಕ್ಕ. ಒಂದೂವರೆ ಗಂಟೆ ಕಾರ್ಟೂನ್ ನೋಡಿದ ಮಗುವಿಗೆ ಆಟಕ್ಕೆ ಉಳಿದದ್ದು ಅರ್ಧ ಗಂಟೆ ಮಾತ್ರ.

2 ವರ್ಷದೊಳಗೆ: ಯಾವ ವಿಡಿಯೊ ಆಟವೂ ಬೇಡ. ದೀಪ ಮಿನುಗುವ, ಸಂಗೀತ ನುಡಿಯುವ ಅಗ್ಗದ ಕೈಯಾಟಿಕೆಗಳಲ್ಲಿ ಗುಂಡಿಯಂಥ ಸಣ್ಣ ಬ್ಯಾಟರಿ ಸೆಲ್ ಇರುತ್ತದೆ. ಮಗು ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟ ಗಾಯ ಮಾಡಬಲ್ಲದು. ಸೆಲ್ಲಿನ ಮುಚ್ಚಳ ಸ್ಕ್ರೂ ಹಾಕಿದ್ದಾಗಿರಲಿ. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸಬೇಡಿ. ಕೂಡಲೇ ಎಕ್ಸ್‌ರೇ ಇರುವ ಆಸ್ಪತ್ರೆಗೆ ಒಯ್ಯಿರಿ.

2ರಿಂದ 5 ವರ್ಷ: ಈ ವಯಸ್ಸಿನ ಮಗು ಮಾತು ಕಲಿಯುವುದು ಎದುರಿಗಿರುವವರ ಮುಖ ನೋಡಿ, ತಾನು ಹೇಳಿದ್ದಕ್ಕೆ ಉತ್ತರ ಪಡೆದು. ಬೆರಳುಗಳು ಬಲಿಯುವುದು ಮಣ್ಣು ಕಲಸಿ, ಮಣಿ ಪೋಣಿಸಿ, ಬಣ್ಣ ಬಳಿದು. ಇವುಗಳ ಬದಲಿಗೆ ಗುಂಡಿ ಒತ್ತುವ ಯಂತ್ರ ಕೊಡುವುದರಲ್ಲಿ ಅರ್ಥವಿಲ್ಲ. ಚನ್ನಪಟ್ಟಣದ ಮರದ ಗೊಂಬೆ, ಜೋಡಿಸುವ ಬ್ಲಾಕುಗಳು, ಮೂರು ಗಾಲಿಯ ಸೈಕಲ್ಲು ಈ ವಯಸ್ಸಿಗೆ ತಕ್ಕ ಉಡುಗೊರೆ. ಅಣ್ಣ ಅಕ್ಕಂದಿರು ಆಡುವಾಗ ಮಗು ಸ್ವಲ್ಪ ಹೊತ್ತು ಸೇರಿಕೊಂಡರೆ ಚಿಂತೆಯಿಲ್ಲ, ಹಿರಿಯರು ಪಕ್ಕದಲ್ಲಿರಲಿ.

6ರಿಂದ 9 ವರ್ಷ: ಕೊಡಿಸಲೇಬೇಕೆಂದಿದ್ದರೆ ಮಗುವಿಗೆಂದು ಅಲ್ಲ, ಮನೆಗೆಂದು ಕೊಡಿಸಿ. ಇಬ್ಬರು ಮೂವರು ಕೂಡಿ ಆಡುವ ಕಾರಿನ ಪಂದ್ಯ, ಒಗಟು ಬಿಡಿಸುವ ಆಟ, ಎದ್ದು ನಿಂತು ಮೈಕೈ ಆಡಿಸಬೇಕಾದ ಕುಣಿತ, ಬೌಲಿಂಗ್, ಟೆನಿಸ್ ಆಟಗಳು ಈ ವಯಸ್ಸಿಗೆ ಹಿತ. ಅಂತರ್ಜಾಲದ ಸಂಪರ್ಕ ಬೇಡ.

10ರಿಂದ 12 ವರ್ಷ: ಕಟ್ಟುವ, ಯೋಜನೆ ಹಾಕುವ ಆಟಗಳನ್ನು ಈ ಮಕ್ಕಳು ಮೆಚ್ಚುತ್ತಾರೆ. ಮೈನ್‌ಕ್ರಾಫ್ಟ್ ಇದಕ್ಕೆ ಉದಾಹರಣೆ. ಅಂತರ್ಜಾಲದಲ್ಲಿ ಆಡುವುದಾದರೆ ಗೊತ್ತಿರುವ ಗೆಳೆಯರೊಂದಿಗೆ ಮಾತ್ರ. ಅಪರಿಚಿತರೊಂದಿಗೆ ಮಾತಾಡುವ ಸೌಲಭ್ಯವನ್ನು ಮುಚ್ಚಿಡಿ. ಹೆಸರು, ಶಾಲೆ, ಮನೆಯ ವಿಳಾಸ, ಫೋಟೊ ಯಾರಿಗೂ ಕೊಡಕೂಡದೆಂದು ಮೊದಲೇ ತಿಳಿಸಿ ಹೇಳಿ.

13ರಿಂದ 17 ವರ್ಷ: ಇಲ್ಲಿ ಅಪ್ಪಣೆಗಿಂತ ಒಪ್ಪಂದ ಹೆಚ್ಚು ಕೆಲಸ ಮಾಡುತ್ತದೆ. ಹೊತ್ತು, ಖರ್ಚು, ಆಟದ ಆಯ್ಕೆ ಮೂರನ್ನೂ ಅವರೊಂದಿಗೆ ಕುಳಿತು ಚರ್ಚಿಸಿ. ಮಗ ಆಡುವ ಆಟವನ್ನು ತಂದೆ ಒಂದು ದಿನ ತಾನೂ ಆಡಿ ನೋಡಿದರೆ ‘ಬೇಡ’ ಎನ್ನುವ ಮಾತಿಗೆ ತೂಕ ಬರುತ್ತದೆ.

ಪೆಟ್ಟಿಗೆಯ ಮೇಲಿನ ಗುರುತು

ಔಷಧದ ಚೀಟಿಯ ಮೇಲೆ ಅವಧಿ ನೋಡುವಂತೆ ಆಟದ ಪೆಟ್ಟಿಗೆಯ ಮೇಲೆ ವಯಸ್ಸಿನ ಗುರುತು ನೋಡುವುದು ಅಗತ್ಯ. ಅಮೆರಿಕದಲ್ಲಿ 1994ರಿಂದ ಇಂಗ್ಲಿಷ್ ಅಕ್ಷರದ ಗುರುತುಗಳಿವೆ: ‘ಇ’ ಎಂದರೆ ಎಲ್ಲರಿಗೂ, ‘ಇ’ ಜೊತೆ 10 ಇದ್ದರೆ ಹತ್ತು ವರ್ಷ ಮೇಲ್ಪಟ್ಟವರಿಗೆ, ‘ಟಿ’ ಎಂದರೆ 13 ಮೇಲ್ಪಟ್ಟವರಿಗೆ, ‘ಎಂ’ ಎಂದರೆ 17 ಮೇಲ್ಪಟ್ಟವರಿಗೆ. ಯುರೋಪಿನಲ್ಲಿ 2003ರಿಂದ 3, 7, 12, 16, 18 ಎಂದು ಅಂಕಿಯನ್ನೇ ಹಾಕುತ್ತಾರೆ. ಹುಡುಗರು ಹಟ ಹಿಡಿದು ಕೇಳುವ ಗ್ರ್ಯಾಂಡ್ ಥೆಫ್ಟ್ ಆಟೊ 5ರ ಮೇಲೆ ‘ಎಂ’ ಮತ್ತು 18 ಎಂಬ ಗುರುತಿದೆ. ಅಂದರೆ ಏಳನೆಯ ತರಗತಿಯ ಹುಡುಗನಿಗೆ ಅದು ತಕ್ಕದ್ದಲ್ಲ. ಅಂಗಡಿಯವರು ವಯಸ್ಸು ಕೇಳಲಿ ಬಿಡಲಿ, ಗುರುತು ನೋಡುವುದು ಪಾಲಕರ ಕೆಲಸ.

ಹೊಡೆದಾಟದ ಆಟ ಆಡಿದ ಮಕ್ಕಳೆಲ್ಲ ಹಿಂಸಾಚಾರಕ್ಕೆ ಇಳಿಯುತ್ತಾರೆಂದು ಹೇಳಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ತಿಳಿಸಿತು. ಆದರೆ ಕಿರುಚುವುದು, ತಳ್ಳುವುದು ಮುಂತಾದ ಒರಟುತನಕ್ಕೂ ಇಂಥ ಆಟಗಳಿಗೂ ಸಣ್ಣದಾದರೂ ಸಂಬಂಧ ಕಂಡುಬಂದಿದೆ ಎಂದೂ ಅದು ಹೇಳಿತು. ಅನವಶ್ಯಕ ಭಯ ಬೇಡ, ಉದಾಸೀನವೂ ಸಲ್ಲದು.

ಯಾವ ಯಂತ್ರ?

‘ಕನ್ಸೋಲ್ ಏಕೆ, ಮೊಬೈಲಿನಲ್ಲೇ ಆಡಲಿ’ ಎನ್ನುವವರಿದ್ದಾರೆ. ಆರೋಗ್ಯದ ದೃಷ್ಟಿಯಿಂದ ಮೊಬೈಲೇ ಹೆಚ್ಚು ತೊಂದರೆಯದು. ಅದನ್ನು ಕಣ್ಣಿನ ಹತ್ತಿರ ಹಿಡಿಯಬೇಕು. ಅದು ಹಾಸಿಗೆಯೊಳಗೂ ಬಚ್ಚಲಿಗೂ ಹೋಗುತ್ತದೆ. ಮಗು ಏನು ಆಡುತ್ತಿದೆಯೆಂಬುದು ಕಾಣುವುದಿಲ್ಲ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮುಂತಾದವು ಟಿ.ವಿ.ಗೆ ಜೋಡಿಸುವಂಥವು. ನಡುಮನೆಯಲ್ಲಿಟ್ಟರೆ ದೂರದಿಂದ ನೋಡಬಹುದು, ಎಲ್ಲರ ಕಣ್ಣೆದುರಿಗೇ ಆಟ ನಡೆಯುತ್ತದೆ. ನಿಂಟೆಂಡೊ ಸ್ವಿಚ್ ಕೈಯಲ್ಲೂ ಹಿಡಿಯಬಹುದಾದ, ಟಿ.ವಿ.ಗೂ ಜೋಡಿಸಬಹುದಾದ ಯಂತ್ರ; ಮನೆಯಲ್ಲಿರುವಾಗ ಟಿ.ವಿ.ಗೇ ಜೋಡಿಸಿ.

ಇವು ಅಗ್ಗವಲ್ಲ. 2021ರ ಫೆಬ್ರುವರಿಯಲ್ಲಿ ಪ್ಲೇಸ್ಟೇಷನ್ 5 ಭಾರತದ ಮಾರುಕಟ್ಟೆಗೆ ಬಂದಾಗ ಡಿಸ್ಕ್ ಹಾಕುವ ಮಾದರಿಯ ಬೆಲೆ 49,990 ರೂಪಾಯಿ. ಯಂತ್ರದ ಮೇಲೆ ಆಟಗಳಿಗೆ ಬೇರೆ ಖರ್ಚು. ಡಿಸ್ಕ್ ಹಾಕುವ ಮಾದರಿಯಾದರೆ ಆಟಗಳನ್ನು ಗೆಳೆಯರೊಂದಿಗೆ ಬದಲಾಯಿಸಿಕೊಳ್ಳಬಹುದು, ಹಳೆಯದನ್ನು ಮಾರಬಹುದು. ಪರೀಕ್ಷೆಯ ದಿನಗಳಲ್ಲಿ ಡಿಸ್ಕನ್ನು ಬೀರುವಿನಲ್ಲಿಡಲೂ ಬಹುದು! ವಿದೇಶದಿಂದ ತರಿಸುವುದಾದರೆ ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದಿದೆಯೇ, ಇಲ್ಲಿ ರಿಪೇರಿಗೆ ಸೌಕರ್ಯವಿದೆಯೇ ಎಂದು ವಿಚಾರಿಸಿ.

ತಲೆಗೆ ಕಟ್ಟಿಕೊಳ್ಳುವ ವಿ.ಆರ್. ಕನ್ನಡಕ ಚಿಕ್ಕ ಮಕ್ಕಳಿಗಲ್ಲ. ಪ್ಲೇಸ್ಟೇಷನ್ನಿನ ವಿ.ಆರ್. 2 ಸಾಧನವನ್ನು 12 ವರ್ಷದೊಳಗಿನವರಿಗೆ ಕೊಡಬಾರದೆಂದು ತಯಾರಕರೇ ಹೇಳುತ್ತಾರೆ.

ಕಣ್ಣು, ಕೈ, ನಿದ್ರೆ

ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವುದು ಸುಲಭ ಉಪಾಯ. ಸಮೀಪದೃಷ್ಟಿಯ ದೋಷ ತಡೆಯಲು ಬಯಲಿನ ಆಟ ನೆರವಾಗುತ್ತದೆ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ದಿನವೂ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ಮೂರು ವರ್ಷ ಪರೀಕ್ಷಿಸಿದರು. ಹೀಗೆ ಹೊರಗೆ ಆಡಿದವರಲ್ಲಿ ಶೇ. 30.4 ಮಕ್ಕಳಿಗೆ, ಉಳಿದವರಲ್ಲಿ ಶೇ. 39.5 ಮಕ್ಕಳಿಗೆ ಸಮೀಪದೃಷ್ಟಿ ಬಂದಿತ್ತು. ಈ ವರದಿ 2015ರಲ್ಲಿ ಪ್ರಕಟವಾಯಿತು. ಆದ್ದರಿಂದ ‘ಮೊದಲು ಬಯಲು, ಆಮೇಲೆ ಪರದೆ’ ಎಂಬ ನಿಯಮ ಒಳ್ಳೆಯದು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ಮೈ ಬೆವರುವ ಆಟ ಬೇಕು.

ಬಿಡುವಿಲ್ಲದೆ ಗುಂಡಿ ಒತ್ತಿದರೆ ಹೆಬ್ಬೆರಳಿನ ಸ್ನಾಯುರಜ್ಜು ನೋಯುತ್ತದೆ. 1990ರಲ್ಲೇ ಅಮೆರಿಕದ ವೈದ್ಯರೊಬ್ಬರು ಇದನ್ನು ‘ನಿಂಟೆಂಡಿನೈಟಿಸ್’ ಎಂದು ಕರೆದು ವೈದ್ಯಕೀಯ ಪತ್ರಿಕೆಗೆ ಬರೆದರು. ಆ ರೋಗಿ ಮಗುವಲ್ಲ. ಮಗುವಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಬಂದ ಆಟವನ್ನು ಐದು ಗಂಟೆ ಎಡೆಬಿಡದೆ ಆಡಿದ 35 ವರ್ಷದ ತಾಯಿ! ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲಿ, ನೀರು ಕುಡಿಯಲಿ. ಆಟದ ಭರದಲ್ಲಿ ಮಕ್ಕಳು ಮೂತ್ರ ಕಟ್ಟಿಕೊಂಡು ಕೂರುವುದೂ ಉಂಟು, ಅದನ್ನು ಬಿಡಿಸಿ.

6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಅವಶ್ಯ. ಪರದೆಯ ಬೆಳಕು, ಗೆಲ್ಲುವ ಉದ್ವೇಗ ಎರಡೂ ನಿದ್ರೆಯನ್ನು ಮುಂದೂಡುತ್ತವೆ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಆಟ ನಿಲ್ಲಲಿ.

ಫಿಟ್ಸ್ ಇರುವ ಮಕ್ಕಳು

ಮಿನುಗುವ ಬೆಳಕಿನಿಂದ ಕೆಲವರಿಗೆ ಫಿಟ್ಸ್ ಬರುತ್ತದೆ. ಮೂರ್ಛೆರೋಗವಿರುವ ನೂರು ಮಂದಿಯಲ್ಲಿ ಸುಮಾರು ಮೂವರಿಗೆ ಈ ಸೂಕ್ಷ್ಮತೆ ಇರುತ್ತದೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಹೆಚ್ಚು. ಜಪಾನಿನಲ್ಲಿ 1997ರ ಡಿಸೆಂಬರ್ 16ರಂದು ಪೋಕೆಮಾನ್ ಕಾರ್ಟೂನಿನ ಕೆಂಪು–ನೀಲಿ ಮಿಂಚು ಕಂಡು ಆರುನೂರಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಮಗುವಿಗೆ ಹಿಂದೆ ಫಿಟ್ಸ್ ಬಂದಿದ್ದರೆ ವೈದ್ಯರನ್ನು ಕೇಳದೆ ವಿಡಿಯೊ ಗೇಮ್ ಕೊಡಿಸಬೇಡಿ. ಯಾರೇ ಆಗಲಿ ಕತ್ತಲೆ ಕೋಣೆಯಲ್ಲಿ, ಟಿ.ವಿ.ಗೆ ಅಂಟಿಕೊಂಡು ಆಡಬಾರದು. ನಿದ್ದೆಗೆಟ್ಟಾಗ ಆಟ ಬೇಡ. ಆಡುವಾಗ ಕೈಕಾಲು ಅದುರಿದರೆ, ಕಣ್ಣು ಮಂಜಾದರೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಪರದೆಯಿಂದ ಮುಖ ತಿರುಗಿಸುವಂತೆ ಹೇಳಿಕೊಡಿ.

ಹಣದ ಬಲೆ

ವಯಸ್ಸಿನ ಗುರುತೊಂದನ್ನೇ ನಂಬಬೇಡಿ. ಇ.ಎ. ಸ್ಪೋರ್ಟ್ಸ್‌ನ ಫುಟ್‌ಬಾಲ್ ಆಟದ ಮೇಲೆ 3 ವರ್ಷ ಎಂದಿದ್ದರೂ, ಒಳಗೆ ಏನಿದೆಯೆಂದು ತಿಳಿಯದೆ ಕೊಳ್ಳುವ ‘ಪ್ಯಾಕು’ಗಳಿವೆ. ಜಾತ್ರೆಯ ಲಾಟರಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಇಂಥ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ವಿರುದ್ಧ ಎಂದು ಬೆಲ್ಜಿಯಂ 2018ರಲ್ಲಿ ತೀರ್ಮಾನಿಸಿತು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿದೆ. ಕಾರ್ಡಿನ ಸಂಖ್ಯೆಯನ್ನು ಯಂತ್ರದಲ್ಲಿ ಉಳಿಸಬೇಡಿ. ಓ.ಟಿ.ಪಿ. ಬರುವ ಫೋನ್ ಮಗುವಿನ ಕೈಗೆ ಬೇಡ.

ಚಟವಾದರೆ?

ಬಹಳ ಮಕ್ಕಳಿಗೆ ಇದು ಚಟವಾಗುವುದಿಲ್ಲ. ಆದರೆ ಕೆಲವರಿಗೆ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ‘ಗೇಮಿಂಗ್ ಡಿಸಾರ್ಡರ್’ ಎಂಬುದನ್ನು ರೋಗಗಳ ಪಟ್ಟಿಗೆ ಸೇರಿಸಿದ್ದು, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಲಕ್ಷಣ ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೆಡುಕಾಗುತ್ತಿದ್ದರೂ ಬಿಡಲಾಗದಿರುವುದು. ಇದು ಸಾಮಾನ್ಯವಾಗಿ ಒಂದು ವರ್ಷ ಮುಂದುವರಿದು, ಓದು, ಮನೆ, ಗೆಳೆತನ ಹದಗೆಟ್ಟರೆ ರೋಗವೆಂದು ಪರಿಗಣಿಸುತ್ತಾರೆ. ರಜೆಯಲ್ಲಿ ನಾಲ್ಕು ದಿನ ಹೆಚ್ಚು ಆಡಿದ ಮಾತ್ರಕ್ಕೆ ಚಟವೆಂದು ಹೆದರಬೇಕಿಲ್ಲ. ಆದರೆ ಸುಳ್ಳು ಹೇಳುವುದು, ಶಾಲೆ ತಪ್ಪಿಸುವುದು, ಆಟ ನಿಲ್ಲಿಸಿದರೆ ಕೈಮಾಡುವುದು ಕಂಡರೆ ವರ್ಷ ಕಾಯಬೇಡಿ.

ಸಿಟ್ಟಿನಿಂದ ಯಂತ್ರ ಕಿತ್ತು ಒಡೆದುಹಾಕುವುದು ಪರಿಹಾರವಲ್ಲ. ಮಗು ಆಟದಲ್ಲಿ ಅಡಗಿಕೊಳ್ಳುವುದಕ್ಕೆ ಓದಿನ ಭಯ, ಒಂಟಿತನ, ಖಿನ್ನತೆ ಕಾರಣವಿರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಚಿಕಿತ್ಸಾಲಯ ಇದಕ್ಕಾಗಿಯೇ ಇದೆ. ದೂರದ ಊರಿನವರು ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು.

ಕೊಡುವ ಮುನ್ನ

* ಉಡುಗೊರೆ ತರುವ ಅಜ್ಜ, ಮಾವ, ಅತ್ತೆ ಯಾರೇ ಇರಲಿ, ತಂದೆ ತಾಯಿಯನ್ನು ಕೇಳಿಯೇ ತರಲಿ.

* ಹಿಂದಿನ ರಾತ್ರಿಯೇ ಪೆಟ್ಟಿಗೆ ತೆರೆದು, ಯಂತ್ರದಲ್ಲಿರುವ ಪಾಲಕರ ಹತೋಟಿಯ ಸೌಲಭ್ಯದಲ್ಲಿ ವಯಸ್ಸು, ಹೊತ್ತು, ಖರ್ಚಿನ ಮಿತಿ ಹಾಕಿಡಿ. ಈಗಿನ ಕನ್ಸೋಲ್‌ಗಳಲ್ಲಿ ಈ ಸೌಲಭ್ಯವಿದೆ.

* ನಿಯಮವನ್ನು ಮೊದಲ ದಿನವೇ ಹೇಳಿ. ಆರು ತಿಂಗಳ ನಂತರ ತಂದ ನಿಯಮ ಮಗುವಿಗೆ ಶಿಕ್ಷೆಯಂತೆ ಕಾಣುತ್ತದೆ.

* ನಿಲ್ಲಿಸುವುದಕ್ಕೆ ಹತ್ತು ನಿಮಿಷ ಮೊದಲೇ ಎಚ್ಚರಿಸಿ. ಗೆಲ್ಲುವ ಹೊತ್ತಿನಲ್ಲಿ ಪ್ಲಗ್ ಕಿತ್ತರೆ ದೊಡ್ಡವರಿಗೂ ಸಿಟ್ಟು ಬರುತ್ತದೆ.

* ಊಟದ ಹೊತ್ತು, ಮಲಗುವ ಕೋಣೆ ಎರಡೂ ಆಟದಿಂದ ಮುಕ್ತವಾಗಿರಲಿ. ಈ ನಿಯಮ ಅಪ್ಪನ ಮೊಬೈಲಿಗೂ ಅನ್ವಯಿಸಲಿ.

* ಮಗು ಗಲಾಟೆ ಮಾಡದೆ ಕೂರಲಿ ಎಂಬ ಕಾರಣಕ್ಕೆ ಕೊಡಿಸಬೇಡಿ. ಜೊತೆಗೆ ಕೂತು ಆಡಲು ನಿಮಗೆ ವಾರಕ್ಕೆ ಒಂದೆರಡು ಗಂಟೆ ಬಿಡುವಿದೆಯೇ ಎಂದು ನೋಡಿಕೊಂಡು ಕೊಡಿಸಿ. ಬಿಡುವಿಲ್ಲವಾದರೆ ಈ ರಜೆಗೆ ಸೈಕಲ್ಲೇ ಸಾಕು.