ಜಕ್ಕಾಯನ ಲೆಕ್ಕವೂ ತಂಗಿಯ ಪಾಲೂ

(ಪಾಠಭಾಗಗಳು: ಲೂಕ 19:1–10, ಅರಣ್ಯಕಾಂಡ 5:5–8)

ಈ ಪಾಠದ ಮೊದಲನೆಯ ಭಾಗವು ನಿಮಗೆ ಬಾಯಿಪಾಠವಾಗಿರುವಂಥದು. ಮರ ಹತ್ತಿದ ಗಿಡ್ಡನ ಗುರುತು ಭಾನುವಾರದ ಶಾಲೆಯ ಮಕ್ಕಳಿಗೂ ಉಂಟು. ಆದರೆ ನಾವು ಮರವನ್ನೇ ನೋಡುತ್ತಾ, ಅವನು ಇಳಿದುಬಂದ ಮೇಲೆ ಆಡಿದ ಮಾತನ್ನು ಬೇಗನೆ ದಾಟಿಬಿಡುತ್ತೇವೆ. ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟಾಗಿ ತಿರುಗಿ ಕೊಡುವುದಾಗಿ ಅವನು ಒಪ್ಪಿಕೊಂಡನು. ನಾಲ್ಕರಷ್ಟು ಯಾಕೆ?

ಎರಡನೆಯ ಭಾಗವನ್ನು ಇದರ ಮಗ್ಗುಲಲ್ಲಿಟ್ಟು ಓದಿರಿ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ, ಒಬ್ಬನು ತನ್ನ ದೋಷವನ್ನು ಅರಿಕೆಮಾಡಿ, ಅಪಹರಿಸಿದ್ದನ್ನು ಪೂರ್ಣವಾಗಿ ಹಿಂದಕ್ಕೆ ಕೊಟ್ಟು, ಅದರ ಐದನೆಯ ಒಂದು ಪಾಲನ್ನು ಕೂಡಿಸಿದರೆ ಸಾಕಾಗಿತ್ತು. ಅಂದರೆ 100 ಸೇರು ರಾಗಿಗೆ 120 ಸೇರು. ನಾಲ್ಕರಷ್ಟೆಂಬುದಾದರೋ ಕುರಿಯನ್ನು ಕದ್ದು ಕೊಯ್ದ ಇಲ್ಲವೆ ಮಾರಿದ ಕಳ್ಳನಿಗೆ ವಿಮೋಚನಕಾಂಡದ 22ನೆಯ ಅಧ್ಯಾಯವು ವಿಧಿಸಿದ ದಂಡ. ಹೀಗಿರಲಾಗಿ, ಯಾರೂ ಹಿಡಿದು ತಾರದಿದ್ದರೂ ಜಕ್ಕಾಯನು ತನ್ನನ್ನು ಸಿಕ್ಕಿಬಿದ್ದ ಕಳ್ಳರ ಸಾಲಿನಲ್ಲಿ ನಿಲ್ಲಿಸಿಕೊಂಡನು. ಇನ್ನೊಂದನ್ನು ಗಮನಿಸಿರಿ. ಆ ಪರಿಹಾರದ ಹಣವು ಕಳಕೊಂಡವನ ಕೈಗೇ ಸೇರತಕ್ಕದ್ದು. ಅದನ್ನು ತೆಗೆದುಕೊಳ್ಳುವ ಸಮೀಪಬಂಧುವೂ ಇಲ್ಲದಿದ್ದರೆ ಮಾತ್ರ ಯಾಜಕನಿಗೆ. ನೆರೆಯವನ ಬದುವನ್ನು ಒತ್ತಿಕೊಂಡು ಸುಗ್ಗಿಯ ಹಬ್ಬದಲ್ಲಿ ದೊಡ್ಡ ಕಾಣಿಕೆ ಇಡುವವರು ಇದನ್ನು ಎರಡು ಸಾರಿ ಓದುವುದು ಒಳ್ಳೆಯದು.

ಹಾಗಾದರೆ ಕ್ಷಮೆಯನ್ನು ಹಣಕ್ಕೆ ಕೊಂಡುಕೊಳ್ಳಬಹುದೋ ಎಂದು ಕೆಲವರು ಕೇಳಾರು. ಇಲ್ಲ. ಕರ್ತನು ಅವನ ಮನೆಗೆ ಬರುವೆನೆಂದದ್ದು ಮೊದಲು; ಜಕ್ಕಾಯನ ಮುಷ್ಟಿ ಸಡಿಲಿದ್ದು ಆಮೇಲೆ.

ಈಗ ನಮ್ಮ ಸೀಮೆಯ ಸಂಗತಿ. ಬೆಂಗಳೂರಿನ ಪಡುವಲಲ್ಲಿ 1949ರಲ್ಲಿ ರಾಜಾಜಿನಗರಕ್ಕೆ ಅಸ್ತಿವಾರ ಬಿದ್ದಂದಿನಿಂದ ಪಟ್ಟಣವು ಹೊಲಗಳ ಮೇಲೆ ನಡೆದುಬರುತ್ತಲೇ ಇದೆ. ವಿಜಯನಗರ, ಬಸವೇಶ್ವರನಗರಗಳಾದವು; 2021ರಲ್ಲಿ ಮೆಟ್ರೋ ರೈಲು ಕೆಂಗೇರಿಯನ್ನು ಮುಟ್ಟಿತು. ಎಕರೆಯಲ್ಲಿ ಎಣಿಸುತ್ತಿದ್ದ ರಾಗಿಯ ಭೂಮಿಯನ್ನು ಈಗ ಅಡಿಯಲ್ಲಿ ಎಣಿಸುತ್ತಾರೆ. ಬೆಲೆ ಏರಿದಂತೆಲ್ಲಾ ಹೆಣ್ಣುಮಕ್ಕಳ ಪಾಲು ಕಾಣೆಯಾಗುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ, ಮರಣಶಾಸನ ಬರೆಯದೆ ತೀರಿಹೋದ ಕ್ರೈಸ್ತನ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ಅವನ ವಿಧವೆಗೆ; ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ. ಆದರೂ ಒಂದು ಸೀರೆ ಕೊಟ್ಟು, ಮದುವೆಗೆ ಖರ್ಚುಮಾಡಿದ್ದೇ ಪಾಲೆಂದು ಹೇಳಿ, ಹಕ್ಕುಬಿಡುಗಡೆಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅಣ್ಣಂದಿರು ನಮ್ಮ ಸಭೆಗಳಲ್ಲಿಯೂ ಇದ್ದಾರೆ.

ಅವರನ್ನು ಗದರಿಸುವುದಕ್ಕೆ ಮೊದಲು ನಮ್ಮದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಅಂಥ ಒಂದು ಪತ್ರಕ್ಕೆ ನಾವೇ ಸಾಕ್ಷಿ ಹಾಕಿದೆವು. ತಂಗಿಗೆ ಅದನ್ನು ಓದಿಹೇಳಿದ್ದಾರೋ ಎಂದು ಕೇಳಲಿಲ್ಲ. ಉತ್ತರವು ಗೊತ್ತಿದ್ದದರಿಂದಲೇ ಕೇಳಲಿಲ್ಲ. ಅಣ್ಣನು ಊಟ ಹಾಕಿಸಿದನು, ಉಂಡೆವು. ಆ ಮೇಲೆ ಆಕೆಯು ಕರ್ತನ ಭೋಜನಕ್ಕೆ ಬಂದು ಮೊಣಕಾಲೂರಿದಾಗಲೆಲ್ಲಾ ನಮ್ಮ ಕಣ್ಣು ನೆಲಕ್ಕಿಳಿಯುತ್ತಿತ್ತು. ಮನೆಯಲ್ಲಿ ಬಾಗಿಲು ಹಾಕಿಕೊಂಡು ದೇವರ ಮುಂದೆ ಅತ್ತದ್ದುಂಟು. ಮತ್ತಾಯ 5ನೆಯ ಅಧ್ಯಾಯದಲ್ಲಿ ಕರ್ತನು ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಸಹೋದರನ ಬಳಿಗೆ ಹೋಗಬೇಕೆಂದು ಕಲಿಸಿದ್ದನ್ನು ಇತರರಿಗೆ ಬೋಧಿಸುತ್ತಿದ್ದೆವು, ನಾವು ಮಾತ್ರ ಹೋಗಲಿಲ್ಲ.

ಈ ಪಾಠವನ್ನು ಸಿದ್ಧಮಾಡುವಾಗ ಲೇಖನಿ ಮುಂದೆ ಹೋಗಲಿಲ್ಲವಾದಕಾರಣ ಮೊದಲು ಅಣ್ಣನ ಬಳಿಗೆ ಹೋದೆವು. ಮುಗಿದುಹೋದದ್ದನ್ನು ಕೆದಕಬೇಡಿರೆಂದು ಅವನು ಸಿಟ್ಟಾದನು. ಅಲ್ಲಿಂದ ಆಕೆಯ ಮನೆಗೆ ನಡೆದೆವು. ಹೊಲವು ನಮ್ಮ ಕೈಯಲ್ಲಿ ಇಲ್ಲ, ಹಿಂದಕ್ಕೆ ಕೊಡುವುದು ನಮ್ಮಿಂದಾಗದು. ಆದರೆ ನಡೆದದ್ದನ್ನು ಸಭೆಯ ಹಿರಿಯರ ಮುಂದೆಯೂ, ಬೇಕಾದರೆ ನ್ಯಾಯಸ್ಥಾನದಲ್ಲಿಯೂ ಹೇಳುವೆವೆಂದು ಮಾತುಕೊಟ್ಟೆವು. ಆಕೆಯು ನೀರು ತಂದಿಟ್ಟಳು, ಕ್ಷಮಿಸಿದೆನೆಂದು ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ, ಆ ಪತ್ರದಲ್ಲಿ ಏನು ಬರೆದಿದೆಯೋ ಅದನ್ನು ಮೊದಲಿಂದ ಓದಿಹೇಳಿರೆಂದಳು. ತರಿಸಿಕೊಂಡಿದ್ದ ನಕಲನ್ನು ಬಿಚ್ಚಿ, ದೀಪದ ಹತ್ತಿರ ಕೂತು, ಚಕ್ಕುಬಂದಿಯ ಸಮೇತ ಒಂದೊಂದೇ ಸಾಲಾಗಿ ಓದಿದೆವು. ಕೊನೆಯಲ್ಲಿ ನಮ್ಮ ಹೆಸರಿತ್ತು, ಅದನ್ನೂ ಓದಿದೆವು.