ಗೂಬೆ ಕಂಡ ಮಾತ್ರಕ್ಕೆ ಗ್ರೀಸ್ ಅಲ್ಲ

ಇಂದಿನ ಯೆಮನ್‌ನಲ್ಲಿದ್ದ ಸಬಾ, ಕತಬಾನ್, ಹದ್ರಮೌತ್, ಹಿಮ್ಯಾರ್ ರಾಜ್ಯಗಳು ಲೋಬಾನದ ವ್ಯಾಪಾರದಿಂದ ಕೊಬ್ಬಿದವು. ಅವರ ನಾಣ್ಯಗಳು ಈಗ ಹರಾಜಿಗೆ ಬರುತ್ತವೆ. ಕೈಗೆ ಒಂದು ಸಿಕ್ಕರೆ ಹೀಗೆ ನೋಡಿ.

1. ಗೂಬೆಗೆ ಮರುಳಾಗಬೇಡಿ. ಗ್ರೀಸಿನ ಅಥೆನ್ಸ್ ನಗರದ ಗೂಬೆ ಅಚ್ಚಿನ ಬೆಳ್ಳಿ ನಾಣ್ಯವನ್ನು ದೂರದ ವ್ಯಾಪಾರಿಗಳೂ ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಿದ್ದರು. ಅದಕ್ಕೇ ದಕ್ಷಿಣ ಅರೇಬಿಯದ ಟಂಕಸಾಲೆಗಳು ಒಂದು ಮುಖಕ್ಕೆ ಅಥೀನಾ ದೇವಿಯ ತಲೆ, ಇನ್ನೊಂದಕ್ಕೆ ಗೂಬೆ ಅಚ್ಚೊತ್ತಿ ಶುರುಮಾಡಿದವು. ಮುಂದೆ ಗೂಬೆ ಹೂಜಿಯ ಮೇಲೆ ಹತ್ತಿ ಕೂತಿತು. ದೇವಿಯ ಜಾಗಕ್ಕೆ ರೋಮಿನ ಅಗಸ್ಟಸ್‌ನನ್ನು ಹೋಲುವ ತಲೆ ಬಂತು. ಅವನ ಸೇನೆ ಈ ನಾಡನ್ನು ಗೆಲ್ಲಲು ಬಂದು ಸೋತು ಸುಣ್ಣವಾಗಿ ಮರಳಿತ್ತು ಅನ್ನುವುದು ಬೇರೆ ಮಾತು!

2. ಕೆನ್ನೆ ನೋಡಿ. ಹಳೆಯ ಗೂಬೆ ನಾಣ್ಯಗಳಲ್ಲಿ ಅಥೀನಾಳ ಕೆನ್ನೆಯ ಮೇಲೆ ಒಂದು ಸ್ಥಳೀಯ ಅಕ್ಷರವಿರುತ್ತದೆ. ಅದು ನಾಣ್ಯದ ಮೌಲ್ಯದ ಗುರುತು: ಪೂರ್ತಿ ನಾಣ್ಯಕ್ಕೆ 'ನ', ಅರ್ಧಕ್ಕೆ 'ಗ'. ಗೀರು ಎಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು.

3. ನಾಲ್ಕೇ ಅಕ್ಷರ ಕಲಿಯಿರಿ. ಲಿಪಿಯ ಹೆಸರು ಮುಸ್ನದ್. 29 ವ್ಯಂಜನಗಳು, ಸ್ವರಗಳನ್ನು ಬರೆಯುವುದಿಲ್ಲ, ಓದುವುದು ಬಲದಿಂದ ಎಡಕ್ಕೆ. ಬಿಲ್ಲಿನಂತೆ ಬಾಗಿದ್ದು 'ರ', ಕೋಲಿನ ತುದಿಗೆ ಉಂಗುರವಿದ್ದರೆ 'ಯ', ಕಂಬಕ್ಕೆ ತ್ರಿಕೋನ ಅಂಟಿದ್ದರೆ 'ದ', ಮಿಂಚಿನಂಥ ಗೆರೆ 'ನ'. ಕೂಡಿಸಿದರೆ ರೈದಾನ್, ಅಂದರೆ ಹಿಮ್ಯಾರರ ರಾಜಧಾನಿ ಜ಼ಫಾರ್‌ನ ಅರಮನೆ; ಹಿಮ್ಯಾರರ ನಾಣ್ಯದಲ್ಲಿ ಹುಡುಕಬೇಕಾದ ಹೆಸರು ಇದು. ಹದ್ರಮೌತಿನ ತಾಮ್ರದ ನಾಣ್ಯದಲ್ಲಾದರೆ ಗೂಳಿಯನ್ನೂ ಸಯೀನ್ ದೇವರ ಹೆಸರನ್ನೂ ಹುಡುಕಿ.

4. ತೂಗದೆ ಮಾತಾಡಬೇಡಿ. ಅಥೆನ್ಸಿನ ದೊಡ್ಡ ಗೂಬೆ ನಾಣ್ಯ 17 ಗ್ರಾಂ ದಾಟುತ್ತದೆ. ಹಿಮ್ಯಾರರ ದೊರೆ ಅಮ್ದಾನ್ ಬೈಯಿನ್‌ನ ಬೆಳ್ಳಿ ನಾಣ್ಯ ಒಂದೂವರೆ ಗ್ರಾಂ ಆಸುಪಾಸು, ಬಟ್ಟಲಿನಂತೆ ತುಸು ಬಾಗಿರುತ್ತದೆ. ಎರಡೂ ಕಡೆ ತಲೆಯೇ. ಹಿಂಬದಿಯದು ಚಿಕ್ಕದು, ಅದರ ಮೇಲೆ ದೊರೆಯ ಹೆಸರು, ಕೆಳಗೆ ರೈದಾನ್.

5. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ದೇವರ ಮನೆಯ ದೀಪವಲ್ಲ ಅದು. ಕಿಲುಬಿನ ಜೊತೆ ಅಕ್ಷರವೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ.

6. ಬೆಳ್ಳಿಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತಲೂ ಸಣ್ಣ ಗೆರೆ ಓಡಿದ್ದರೆ, ಮೈಮೇಲೆ ಗುಳ್ಳೆ ಒಡೆದಂಥ ತೂತುಗಳಿದ್ದರೆ ಎರಕದ ನಕಲಿ ಇರಬಹುದು. ಒಂದೇ ಕಡೆ ಸವೆದು, ಒಂದೇ ಕಡೆ ಸೀಳಿದ ಎರಡು ನಾಣ್ಯಗಳು ಸಿಕ್ಕರೆ ಅನುಮಾನವೇ ಬೇಡ.

7. ಹಳೆಯದೆಲ್ಲ ದುಬಾರಿ ಅಲ್ಲ. ಅಮ್ದಾನ್ ಬೈಯಿನ್‌ನ ನಾಣ್ಯಗಳು ಸಾಕಷ್ಟು ಉಳಿದಿವೆ. ಎರಡು ಸಾವಿರ ವರ್ಷದ ವಯಸ್ಸು ಹೇಳಿ ಆಕಾಶಕ್ಕೆ ಏರಿಸಿದರೆ ಎದ್ದು ಬನ್ನಿ. ಅಪರೂಪದ ದೊರೆ, ಪೂರ್ತಿ ಓದಲು ಬರುವ ಹೆಸರು, ನಡುಮಧ್ಯಕ್ಕೆ ಬಿದ್ದ ಅಚ್ಚು: ಕಾಸು ಬಿಚ್ಚಬೇಕಾದ್ದು ಇವಕ್ಕೆ. ಹೋಲಿಸಿ ನೋಡಲು ಸ್ಟುವರ್ಟ್ ಮನ್ರೋ-ಹೇ 2003ರಲ್ಲಿ ತಂದ ದಕ್ಷಿಣ ಅರೇಬಿಯ ನಾಣ್ಯಗಳ ಗ್ರಂಥ ಹತ್ತಿರವಿರಲಿ.

8. ಕಾಗದ ಕೇಳಿ. ನಾಣ್ಯ ಯಾರ ಸಂಗ್ರಹದಲ್ಲಿತ್ತು, ಯಾವ ವರ್ಷ ಯೆಮನ್ ಬಿಟ್ಟಿತು ಎನ್ನುವ ದಾಖಲೆ ಬೇಕೇಬೇಕು. ಯುದ್ಧದ ನಡುವೆ ಅಲ್ಲಿನ ಪ್ರಾಚೀನ ನೆಲೆಗಳನ್ನು ಅಗೆದು ದೋಚಿದ್ದಾರೆ. 2020ರಲ್ಲಿ ಅಮೆರಿಕ ಯೆಮನ್‌ನ ಪುರಾತನ ವಸ್ತುಗಳ ಆಮದಿಗೆ ತುರ್ತು ನಿರ್ಬಂಧ ಹೇರಿತು. ಮಾರುವವನು ದಾಖಲೆಯ ಬದಲು ರಿಯಾಯಿತಿ ಕೊಡಲು ಬಂದರೆ ದಯವಿಟ್ಟು ಕೊಳ್ಳಬೇಡಿ.